ಸೋದರಮಾವನ ಖೋಲಿ

ಇಲ್ಲಾ, ಕುಂದ್ರೂದಿಲ್ಲ ನಾ. ಕುರ್ಚಿ ಸರಸಬ್ಯಾಡ್ರಿ. ಚಾನೂ ಬ್ಯಾಡ. ಚಾ ಕುಡ್ಯಾಕ ಇಳಕಲ್ಲಿಂದ ಇಲ್ಲೀತನಾ ಬಂದಿಲ್ಲ. ಹುನಗುಂದದಾಗ ಬಸ್ ಬದಲಿ ಮಾಡಿ, ನಿಂತ ಕಾಲಮ್ಯಾಲ ಬಾಗಲಕೋಟಿ ಮುಟ್ಟೇನಿ. ಕೇಳಿದ್ದಕ್ಕ ಒಂದ ಉತ್ತರಾ ಕೊಡ್ರಿ, ನನ್ನ ದಾರಿ ನಾ ಹಿಡೀತೇನಿ. ನಮ್ಮ ಶಂಕರಲಿಂಗ ಎಲ್ಲಿ ಅದಾನ?

ಏನ್ರಿ, ಕಿವಿ ಕೇಳಸ್ತಾವಿಲ್ಲೋ? ಶಂಕರಲಿಂಗ! ನನ್ನ ತಮ್ಮ. ನಲವತ್ತೆರಡು ವರ್ಷದಾಂವ, ಗ್ರಾನೈಟ್ ಪಾಲಿಶ್ ಕೆಲಸ ಮಾಡ್ತಾನ, ಎಡಗೈ ಹೆಬ್ಬಟ್ಟಿಗೆ ಉಗುರಿಲ್ಲ. ಒಂಬತ್ತು ತಿಂಗಳಿಂದ ಒಂದು ರವಿವಾರ ತಪ್ಪಸದ ನಿಮ್ಮ ಈ ಕುಡುಕರ ಸಭಾಕ್ಕ ಬಂದಾನ. ಗೊತ್ತಿಲ್ಲ ಅಂತ ಮಾತ್ರ ಅನಬ್ಯಾಡ್ರಿ ಮತ್ತ, ನನ್ನ ಪಿತ್ತ ನೆತ್ತಿಗೇರತೈತಿ. 'ಪಂಢರೀನಾಥಣ್ಣ ಹಿಂಗಂದ, ಪಂಢರೀನಾಥಣ್ಣ ಹಂಗಂದ' ಅಂತ ಒಂಬತ್ತು ತಿಂಗಳು ನನ್ನ ತಲಿ ತಿಂದಾನ ಅಂವ. ನೀವ ಅಲ್ಲೇನು ಆ ಪಂಢರೀನಾಥ? ಈಗ ಬಾಗಲದಾಗ ಕೇಳಿದಾಗ ನೀವ ಹೇಳಿದ್ರೆಲಾ. ಹೆಸರು ಹೇಳಿದ್ರಿ, ಅಲ್ಲಿಗೆ ಬಾಯಿ ಮುಚ್ಚಿದ್ರಿ. ಅಡ್ಡೆಸರು?

ನಗ್ತೀರಿ! ಅಡ್ಡೆಸರು ಕೇಳಿದ್ರ ನಗಾಕೇನೈತ್ರಿ? ಹಾಂ, ಗೊತ್ತೈತಿ, ಅಂವ ಹೇಳ್ಯಾನ. ಇಲ್ಲಿ ಹೆಸರಷ್ಟ ಸಾಕಂತ. ಊರು ಬ್ಯಾಡ, ಮನೆತನ ಬ್ಯಾಡ, ಯಾರ ಪೈಕಿ ಅಂತ ಕೇಳೂದು ಬ್ಯಾಡ. ಫೀ ಇಲ್ಲ, ರಜಿಸ್ಟರ್ ಇಲ್ಲ, ಅಧ್ಯಕ್ಷ ಇಲ್ಲ. ಇಲ್ಲಿ ಆಡಿದ್ದು ಇಲ್ಲೇ ಬಿಟ್ಟು ಹೋಗಬೇಕಂತ. ಅಲ್ರಿ, ನಮ್ಮ ಕಡೆ ಬಸ್ಸಿನ್ಯಾಗ ಬಾಜೂಕ ಕುಂತಾಕಿ ಸೈತ ಎರಡು ಸ್ಟಾಪ್ ದಾಟೂದ್ರಾಗ ಯಾವೂರು, ಯಾರ ಮಗಳು, ಎಲ್ಲಿಗೆ ಕೊಟ್ಟಾರ ಎಲ್ಲಾ ಕೇಳಿ ಮುಗಿಸಿರ್ತಾಳ. ನೀವು ನೋಡಿದ್ರ ನನ್ನ ತಮ್ಮನ್ನ ಒಂಬತ್ತು ತಿಂಗಳು ಮುಂದ ಕುಂದ್ರಿಸಿಕೊಂಡು ಅವನ ಕತಿ ಕೇಳೀರಿ, ಒಡಹುಟ್ಟಿದಾಕಿ ಬಂದು ಎಲ್ಲಿ ಅದಾನ್ರಿ ಅಂದ್ರ ಗಿಲಾಸ ತೊಳಕೋತ ನಿಂತೀರಿ!

ನನ್ನ ಹೆಸರು ಸುನಂದಾ. ಇಳಕಲ್ಲಿನ್ಯಾಗ ಸೀರಿ ಅಂಗಡಿ ಐತಿ ನಮ್ದು. ನೋಡ್ರಿ, ನಾ ಹೇಳೇನಿ, ನನಗೇನೂ ಮುಚ್ಚೂದಿಲ್ಲ.

ನಿಮ್ಮ ಈ ಸಾಲಿ ಹುಡುಕಾಕ ಎಷ್ಟು ತಿರಗೇನಿ ಗೊತ್ತೇನು? ನವನಗರ ಅಂದ್ರ ಮೊದಲ ನನಗ ದಿಕ್ಕ ತಿಳ್ಯಂಗಿಲ್ಲ. ಎಲ್ಲಾ ರಸ್ತೆ ಒಂದ ನಮೂನಿ, ಎಲ್ಲಾ ಸೆಕ್ಟರ್ ಒಂದ ನಮೂನಿ. ಆಟೋದಾಂವಗ 'ಕುಡ್ಯೂದು ಬಿಟ್ಟಾವರು ಕೂಡ್ತಾರಲಾ, ಅದೆಲ್ಲೈತಪಾ' ಅಂದೆ. ಹಲ್ಲು ಕಿಸದು, 'ಯವ್ವಾ, ಕುಡ್ಯಾವರು ಕೂಡೂ ಜಾಗಾ ಹತ್ತು ತೋರಸ್ತೇನಿ, ಬಿಟ್ಟಾವರದು ಒಂದೂ ಗೊತ್ತಿಲ್ಲ' ಅಂದ. ಔಷಧದ ಅಂಗಡ್ಯಾಗ ಕೇಳಿದೆ, ಆ ಮನಷ್ಯಾ ನನ್ನ ಮಾರಿ ಹೆಂಗ ನೋಡಿದ ಅಂತೀರಿ… ನಾನ ಕುಡೀತೇನೇನೋ ಅನ್ನೂವಂಗ! ಕಡೀಕ ಝೆರಾಕ್ಸ್ ಅಂಗಡಿ ಹುಡುಗಿ ಒಬ್ಬಾಕಿ, ಆಫ್ರೀನ ಅಂತ, ಬೆರಳು ಮಾಡಿ ತೋರಿಸಿದ್ಳು. 'ಸಾಲಿ ಹಿಂದಿನ ಗೇಟ್ರಿ ಆಂಟಿ, ನಾಕಕ್ಕ ಚಾಲೂ ಆಗ್ತೈತಿ, ನಮ್ಮ ಅಬ್ಬಾನೂ ಬರ್ತಾರ' ಅಂದ್ಳು. ಅಬ್ಬಾನೂ ಬರ್ತಾರ! ನಾಕು ಮಂದಿ ಗಿರಾಕಿ ನಿಂತಾರ್ರಿ ಅಲ್ಲಿ. ಅವರ ಮುಂದ, ನಮ್ಮಪ್ಪ ಬ್ಯಾಂಕಿನ್ಯಾಗ ನೌಕರಿ ಮಾಡ್ತಾನ ಅಂದಂಗ ಅಂತಾಳ. ಒಂದೀಟರೆ ನಾಚಿಕಿ?

ಅಲ್ಲ, ಅದ ಅಲ್ಲೇನು ನೀವು ಕಲಿಸೂದು? ನಾಚಿಕಿ ಬಿಡ್ರಿ ಅಂತ. ಕುಡ್ಯೂದು ಬಿಡಸ್ತೀರೋ ಇಲ್ಲೋ, ನಾಚಿಕಿ ಮಾತ್ರ ಬರೋಬ್ಬರಿ ಬಿಡಸ್ತೀರಿ.

ಕೇಳ್ರಿ ಹಂಗಾದ್ರ. ಕುಡದಾನ್ರಿ ಅಂವ. ಗೊತ್ತಾತೇನು? ಮೊನ್ನಿ ಗುರುವಾರ, ನನ್ನ ಮಗಳು ಶೈಲಾನ ಲಗ್ನದಾಗ, ಕಂಠಮಟಾ ಕುಡದಾನ. ನಿಮ್ಮ ಒಂಬತ್ತು ತಿಂಗಳ ತಪಸ್ಸು ಗಟಾರಕ್ಕ ಹೋತು. ಕುಡದು, ಬೀಗರ ಮುಂದ ಮಾರಿ ತೋರಿಸಿ, ಅವತ್ತ ಸಂಜೀಕ ಎದ್ದು ಹೋದಾಂವ ಇವತ್ತಿಗೆ ಮೂರು ದಿನಾ ಆತು, ಪತ್ತೇನ ಇಲ್ಲ. ಫೋನ್ ಬಿಟ್ಟು ಹೋಗ್ಯಾನ. ಉಟಗೊಂಡಿದ್ದ ಧೋತರದ ಮ್ಯಾಲ ಹೋಗ್ಯಾನ. ಬದಕ್ಯಾನೋ ಸತ್ತಾನೋ ಆ ಶಿವಗ ಗೊತ್ತು. ಇದಕ್ಕ ಜವಾಬ್ದಾರಿ ಯಾರ್ರಿ? ನೀವು! ಬಿಟ್ಟಾನ ಬಿಟ್ಟಾನ ಅಂತ ಮಂದಿಗೆ ಆಸೆ ಹಚ್ಚಾವರು ನೀವು. ಎಲ್ಲೋ ಹೋಗಿ ತಂದು ಕುಡದಾನ. ಬಿಟ್ಟಾಂವ ಹಂಗ ಹೋಗಿ ತರ್ತಾನೇನು? ಬಿಟ್ಟ ಇದ್ದಿಲ್ಲ, ಅಷ್ಟ!

ಏನ್ರಿ ಮಾತಾಡ್ರಲಾ. ಅಂವ ಅಂತಿದ್ದ, 'ಅಕ್ಕಾ, ಅಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವ ಬಾಯಿ ಹಾಕಂಗಿಲ್ಲ, ಬುದ್ಧಿ ಹೇಳಂಗಿಲ್ಲ, ಸುಮ್ಮ ಕೇಳ್ತಾರ, ಅದ ಒಂದು ದೊಡ್ಡ ಔಷಧ' ಅಂತ. ಇದ ಏನು ಆ ಔಷಧ? ನನಗ ಬ್ಯಾಡ ನಿಮ್ಮ ಔಷಧ. ನಾ ಕುಡುಕಿ ಅಲ್ಲ.

ಹೊರಗ ಯಾರೋ ಬಂದ್ರು ನೋಡ್ರಿ. ಬರ್ಲಿ, ನನಗೇನು. ಎಲ್ಲಾರೂ ಕೇಳ್ಲಿ. ಕೈ ಮಾಡಿ ಯಾಕ ನಿಲ್ಲಸ್ತೀರಿ ಅವರನ್ನ?

ನಿಮ್ಮ ಔಷಧದ ಪ್ರತಾಪ ಹೇಳ್ತೇನಿ ಕೇಳ್ರಿ. ಮೂರು ತಿಂಗಳ ಹಿಂದ ಶೈಲಾನ ನಿಶ್ಚೇ ಕಾರ್ಯ. ಬದಾಮಿ ಬೀಗರು. ಹುಡುಗ ಚೇತನಕುಮಾರ, ಕಾಲೇಜಿನ್ಯಾಗ ಪಾಠ ಮಾಡ್ತಾನ. ಅವರಪ್ಪ ಹೈಸ್ಕೂಲ್ ಹೆಡ್‌ಮಾಸ್ತರ ಆಗಿ ರಿಟೈರ್ ಆದಾವರು. ಹಣಿ ತುಂಬ ವಿಭೂತಿ, ಒಂದು ಮಾತು ಜೋರ ಆಡಾಂಗಿಲ್ಲ, ಅಂಥಾ ಮನೆತನ. ನಮ್ಮ ಪಡಸಾಲ್ಯಾಗ ಇಪ್ಪತ್ತು ಮಂದಿ ಕುಂತಾರ. ಅವಲಕ್ಕಿ, ಬುಂದೆ ಉಂಡಿ ಕೊಟ್ಟೇವಿ. ಬೀಗರು ಮರ್ಯಾದಿಗೆ ನಮ್ಮ ಶಂಕರನ ಕಡೆ ತಿರುಗಿ, 'ಮತ್ತ ತಾವು ಏನ್ ಮಾಡ್ತೀರಿ?' ಅಂದ್ರು. ಗ್ರಾನೈಟ್ ಪಾಲಿಶ್ ಅಂದ್ರ ಮುಗೀತಿತ್ತು. ಇಂವ ಏನ್ ಮಾಡ್ದ? ತಾಟು ಕೆಳಗಿಟ್ಟ. ಎದ್ದು ನಿಂತ. ಸಾಲ್ಯಾಗ ಹಾಜರಿ ಹೇಳೂವಂಗ ಕೈ ಕಟಗೊಂಡು, 'ನನ್ನ ಹೆಸರು ಶಂಕರಲಿಂಗ. ನಾ ಒಬ್ಬ ಕುಡುಕ. ಇವತ್ತಿಗೆ ಆರು ತಿಂಗಳಾತು ಮುಟ್ಟಿಲ್ಲ' ಅಂದ!

ಯಾಕ ನಗ್ತೀರಿ? ನಿಮಗ ಹೆಮ್ಮಿ ಆಗ್ತೈತೇನು? ನನಗ ನೆಲಾ ಬಾಯಿ ಬಿಟ್ಟು ನುಂಗಬಾರದ ಅನಸ್ತು. ಕೈಯಾಗಿನ ನೀರಿನ ಚರಿಗಿ ಹಂಗ ಹಿಡಕೊಂಡು ನಿಂತೆ. ಬೀಗರು, 'ಭಾಳ ಚೊಲೋ ಆತು, ಭಾಳ ಚೊಲೋ ಆತು' ಅಂದು ತಮ್ಮ ತಾಟನ್ಯಾಗಿನ ಉಂಡಿ ತಗದು ಅವನ ತಾಟಿಗಿಟ್ರು. ದೊಡ್ಡವರು, ಮಾತು ಸಂಭಾಳಿಸಿದ್ರು. ಆದ್ರ ಒಳಗ ಅವರ ಹೆಣ್ಮಕ್ಕಳ ಗುಜುಗುಜು ನಾ ಕೇಳೇನಲ್ರಿ! 'ಸೋದರಮಾವ ಅಂತ, ಹುಡುಗಿಗೆ ಇವನೊಬ್ಬನ ಮಾವ ಅಂತ.' ಅವತ್ತಿಂದ ಲಗ್ನದ ದಿನಾತನಾ ನಾ ಕಣ್ಣಿಗೆ ಕಣ್ಣು ಹಚ್ಚಿಲ್ಲ.

ಮೊದಲ ಹೆಂಗಿತ್ತು ಅದನ್ನೂ ಹೇಳ್ತೇನಿ. ಕುಡೀತಿದ್ದ, ಖರೆ. ಕಾಲೇಜಿನ್ಯಾಗ ಅಟೆಂಡರ್ ನೌಕರಿ ಇತ್ತು, ಅದನ್ನೂ ಕುಡದ. ಹೆಂಡ್ತಿ ತವರಿಗೆ ಹೋದಾಕಿ ಹೊಳ್ಳಿ ಬರಲಿಲ್ಲ. ಎಲ್ಲಾ ಖರೆ. ಆದ್ರ ಅಂವ ನಮ್ಮ ಕೈಯಾಗ ಇದ್ದ. ಮನ್ಯಾಗ ಕಾರ್ಯ ಐತೆಂದ್ರ ನಮ್ಮ ಮನಿಯವರು ಮುಂಜಾನೇನ ಒಂದು ಬಾಟ್ಲಿ ತಂದು, ತಾಟನ್ಯಾಗ ಚುರಮರಿ ಶೇಂಗಾ ಹಾಕಿ, ಹಿತ್ತಲ ಖೋಲ್ಯಾಗ ಅವನ್ನ ಕುಂದ್ರಿಸಿ ಹೊರಗ ಕೀಲಿ ಹಾಕ್ತಿದ್ರು. ಕುಡದು ಮಲಗ್ತಿದ್ದ. ಮಂದಿ ಉಂಡು, ಎಲಿ ಅಡಕಿ ತಿಂದು ಹೋದಮ್ಯಾಲ ತಗೀತಿದ್ವಿ. ಯಾರಿಗೂ ತ್ರಾಸಿಲ್ಲ. ಗೃಹಪ್ರವೇಶ ಹಂಗ ಆತು. ಶೈಲಾ ದೊಡ್ಡ ಪರೀಕ್ಷಾ ಪಾಸಾದಾಗ ಊಟ ಹಾಕಿದ್ವಿ, ಹಂಗ ಆತು. ನಮ್ಮವ್ವ ತೀರಕೊಂಡಮ್ಯಾಲ ಆಕಿ ಶಿವಗಣಾರಾಧನಿನೂ ಹಂಗ…

ಹೂಂ, ನಮ್ಮವ್ವಂದು ಅಂದ್ರ ಅವನವ್ವಂದೂ ಹೌದು. ಹೆತ್ತ ಮಗ ಖೋಲ್ಯಾಗ ಇದ್ದ, ಜಂಗಮರ ಊಟ ಪಡಸಾಲ್ಯಾಗ ಆತು. ಮಾರಿ ಯಾಕ ಸಿಂಡರಿಸ್ತೀರಿ? ಏನ್ ಮಾಡಬೇಕಿತ್ತು ಮತ್ತ? ಅದರ ಹಿಂದಿನ ವರ್ಷ ಯಾರದೋ ಕಾರ್ಯದಾಗ ಪಂಕ್ತಿ ನಡುವ ಬಿದ್ದು ಸಾರಿನ ಬೋಗಾಣಿ ಉಳ್ಳಿಸಿದ್ದ. ನಿಮ್ಮ ಮನ್ಯಾಗ ಮಾಡಿಲ್ಲೇನು? ಖರೆ ಹೇಳ್ರಿ. ಇಲ್ಲಿ ಬರೂ ಒಬ್ಬೊಬ್ಬರ ಮನ್ಯಾಗೂ ಅಂಥಾದೊಂದು ಖೋಲಿ ಇದ್ದ ಇರ್ತೈತಿ. ಮಾನಾ ಇದ್ದಾವರು ಮಾಡೂದ ಅದು.

ನೋಡ್ರಿ, ತಲಿ ತಗ್ಗಿಸಿದ್ರಿ. ನಿಮ್ಮ ಮನ್ಯಾಗೂ ಇತ್ತು.

ಅಂದ ಮ್ಯಾಲ ನನಗ ಬುದ್ಧಿ ಹೇಳೂವಂಗ ನೋಡಬ್ಯಾಡ್ರಿ. ಕುಡೀತಿದ್ದಾಗ ಬಾಯಿ ಮುಚ್ಚಿ ಬಿದ್ದಿರ್ತಿದ್ದ. ನೀವು ಕುಡ್ಯೂದು ಬಿಡಿಸಿ ಬಾಯಿ ತಗಿಸಿದ್ರಿ. ಕಿರಾಣಿ ಅಂಗಡ್ಯಾಗ ಹೇಳ್ತಾನ, ಬಸ್‌ಸ್ಟ್ಯಾಂಡಿನ್ಯಾಗ ಹೇಳ್ತಾನ, ನಮ್ಮ ಅಂಗಡಿಗೆ ಸೀರಿ ನೋಡಾಕ ಬಂದ ಹೆಣ್ಮಕ್ಕಳಿಗೆ ಹೇಳ್ತಾನ! 'ನಿಮ್ಮ ಮನ್ಯಾಗ ಯಾರಿಗರೆ ತ್ರಾಸಿದ್ರ ನನಗ ಹೇಳ್ರಿ ಅಕ್ಕಾರ, ನಾ ಕರ್ಕೊಂಡು ಹೋಗ್ತೇನಿ.' ಯಾರದು ಸೀರಿ ಅಂಗಡಿ, ಯಾರದು ದವಾಖಾನಿ? ಬಂದಾಕಿ ಸೀರಿ ಬಿಟ್ಟು ಅಳಕೋತ ಇವನ ಮುಂದ ಕುಂತ್ಳು ಒಂದ ಸಲ. ಅರ್ಧಾ ತಾಸು!

ಲಗ್ನಕ್ಕ ಒಂದು ವಾರ ಇತ್ತು. ನನ್ನ ಹಂತೇಕ ಬಂದ. 'ಅಕ್ಕಾ, ಸ್ವಾಮಿಗಳು ಆಶೀರ್ವಚನ ಮಾಡಿದ ಮ್ಯಾಲ ಮೈಕ ನನಗೊಂದು ಎರಡು ಮಿನಿಟ ಕೊಡಸು, ಸೋದರಮಾವ ಅಂತ ಎರಡು ಮಾತು ಹೇಳ್ತೇನಿ' ಅಂದ. ಬರಕೊಂಡು ಬಂದಿದ್ದ್ರಿ ಹಾಳಿ ಮ್ಯಾಲ! ನಾ ಓದಿದೆ. 'ನಾ ಕುಡದು ಬಸ್‌ಸ್ಟ್ಯಾಂಡಿನ ಗಟಾರದಾಗ ಬಿದ್ದಾಗ ನಮ್ಮ ಸುನಂದಕ್ಕ ಎತ್ತಿ ತಂದು ಮೈ ತೊಳದಾಳ, ಆಕಿ ಕೈಯಾಗ ಬೆಳದ ಹುಡುಗಿ ಶೈಲಾ, ನಿಮ್ಮ ಮನಿ ಬೆಳಗತಾಳ' ಅಂತ. ಉಪಕಾರಾ ನೆನಸ್ತಾನಂತ! ಐನೂರು ಮಂದಿ ಮುಂದ, ಗಟಾರ ಅಂತ, ಮೈ ತೊಳದ್ಳು ಅಂತ… ಇದು ಉಪಕಾರೋ, ನನ್ನ ಮಾನಾ ಹರಾಜೋ? ನೀವ ಹೇಳ್ರಿ.

ಕೊಡಸ್ತೇನಿ ಅಂದೆ. ಏನ್ ಅನ್ಲಿ ಮತ್ತ? ಬ್ಯಾಡ ಅಂದ್ರ ಅಂವ ಬಿಡ್ತಿದ್ನ? ಹೂಂ ಅಂದೆ, ಕಾಲ ಮುಟ್ಟಿ ಹೋದ.

ಬದಾಮಿ ಬನಶಂಕರಿ ಹಂತೇಕ, ಚೊಳಚಗುಡ್ಡದ ದಾರ್ಯಾಗ ಒಂದು ಮಂಗಲ ಕಾರ್ಯಾಲಯ ಹಿಡದಿದ್ವಿ. ಗುರುವಾರ ಮುಂಜಾನೆ ಎಲ್ಲಾರಿಗಿಂತ ಮೊದಲ ಜಳಕಾ ಮಾಡಿ ಬಂದ. ಹೊಸಾ ಧೋತರ, ಬಿಳಿ ಅಂಗಿ, ತನ್ನ ದುಡಿಮ್ಯಾಗ ಹೊಲಿಸಿದ್ದು. ನಮ್ಮಲ್ಲಿ ಮದುಮಗಳ ಕೈ ಹಿಡದು ಹಂದರಕ್ಕ ಕರ್ಕೊಂಡು ಬರಾಂವ ಸೋದರಮಾವ. ಅದಕ್ಕಂತ ಬಂದು ನಿಂತಿದ್ದ. ಆಮ್ಯಾಲ… ಆಮ್ಯಾಲ ಕಾಣಲಿಲ್ಲ. ಮುಹೂರ್ತ ಬಂತು, ಕಾಣಲಿಲ್ಲ. ದೊಡ್ಡಪ್ಪನ ಮಗನ್ನ ನಿಂದ್ರಿಸಿ ಕೆಲಸಾ ಮುಗಿಸಿದ್ವಿ. ಎಲ್ಲಿ ಹೋಗಿದ್ದ ಅಂದ್ರ, ಹುಡುಗನ ಗೆಳ್ಯಾರು ನಾಕು ಮಂದಿ ಇದ್ರು, ಅವರ ಕೂಡ ಹೋಗಿರಬೇಕು, ಅವರ ಯಾರೋ ಕೊಟ್ಟಿರಬೇಕು. ಈಗಿನ ಹುಡುಗರು ಗೊತ್ತೈತೆಲಾ. ಕಾರಿನ್ಯಾಗ ಇಟಗೊಂಡ ತಿರುಗತಾವ.

ಎಲ್ಲೋ ಹೋಗಿ ತಂದ ಅಂದೇನೇನು ಮೊದಲ? ಅಂದಿರಬೇಕು. ಅದೂ ಅದ ಆತಲ್ರಿ! ಕೊಟ್ರೇನು, ತಂದ್ರೇನು. ಹೊಟ್ಟ್ಯಾಗ ಹೋತೋ ಇಲ್ಲೋ?

ಸಂಜಿ ಮುಂದ ಹೆಣ್ಣು ಕಳಿಸೂ ಹೊತ್ತು. ಶೈಲಾ ಕಾರಿಗೆ ಹತ್ತವಲ್ಲಳು. 'ಮಾಮಾನ ಕಾಲ ಮುಟ್ಟದ ಹೋಗೂದಿಲ್ಲ' ಅಂತ ಹಟಾ. ಬೀಗರು ನಿಂತಾರ, ವ್ಯಾಳೆ ಆಗಾಕತ್ತೈತಿ. 'ಎಲ್ಲಿ ಅದಾನವ್ವಾ, ಕರಿ' ಅಂತಾಳ. ಕಡೀಕ ನಾ ಬ್ಯಾಸತ್ತು ಮ್ಯಾಲ ಹೋಗಿ, ಸೆರಗಿನ ಗಂಟಿನ್ಯಾಗಿನ ಕೀಲಿ ತಗದು, ಬಾಗಲಾ…

ಏನಾತ್ರಿ? ಯಾಕ ಹಂಗ ತಲಿ ಎತ್ತಿದ್ರಿ?

ಹೂಂ, ಕೀಲಿ. ಖೋಲಿಗೆ ಕೀಲಿ ಹಾಕಿದ್ದೆ. ಲಗ್ನದ ಮನಿ, ಒಳಗ ಬಂಗಾರ ಇತ್ತು, ಸೀರಿ ಗಂಟು ಇದ್ವು. ಕೀಲಿ ಹಾಕೂದಿಲ್ಲೇನು? ಅಂವ ಒಳಗ ಮಲಗಿದ್ದು ನನಗ ಗೊತ್ತ ಇದ್ದಿಲ್ಲ… ಗೊತ್ತಿತ್ತು ಅನ್ರಿ. ದಣದಾನ, ಮಲಗಲಿ ಅಂತ ನಾನ… ನೀವೇನು ಪೊಲೀಸರೇನು? ನಿಮಗ್ಯಾಕ ಹೇಳ್ಲಿ ನಾ? ಬಾಗಲಾ ತಗದ್ವಿ. ಶೈಲಾ ನನ್ನ ಹಿಂದ ಬಂದಿದ್ಳು, ಆಕಿ ಹಿಂದ ಹುಡುಗ, ಹುಡುಗನ ಹಿಂದ ಬೀಗರು. ಹೊಸಾ ಧೋತರದ ಮ್ಯಾಲೆಲ್ಲಾ ಕಾರಿಕೊಂಡು, ಗ್ವಾಡಿಗೆ ತಲಿ ಹಚ್ಚಿ ಕುಂತಿದ್ದ. ಯಾರ ಕಣ್ಣಿಗೆ ಬೀಳಬಾರದು ಅಂತ ಇಷ್ಟೆಲ್ಲಾ ಮಾ… ಇಷ್ಟೆಲ್ಲಾ ಹೆದರಿದ್ದೆನೋ, ಅವರೆಲ್ಲಾರೂ ನೋಡಿದ್ರು. ಅರಿಶಿಣದ ಸೀರ್ಯಾಗ ನನ್ನ ಮಗಳು ಅಲ್ಲೇ ಕುಂತು ಅವನ ಕಾಲ ಹಿಡದು ಅತ್ತಳು. ಅಂವ ಆಕಿ ತಲಿ ಮ್ಯಾಲ ಕೈ ಇಡಾಕ ಬಂದ, ಕೈ ಹೊಲಸಾಗೇತಂತ ಹಿಂದ ತಗದ.

ಆಕಿ ಕಾರಿನ್ಯಾಗ ಹೋದ್ಳು. ನಾವು ಭಾಂಡೆ ಎಣಸೂದ್ರಾಗ ಇಂವ ಹೋಗಿದ್ದ.

ಮೂರು ದಿನಾರಿ! ಮಹಾಕೂಟಕ್ಕ ಹೋದೆ, ಅಲ್ಲಿ ಹೊಂಡದ ದಂಡಿಗೆ ಯಾರೋ ಬಿಳಿ ಅಂಗ್ಯಾಂವ ಕುಂತಾನ ಅಂದ್ರು ಅಂತ. ಅವನಲ್ಲ. ಶಿವಯೋಗ ಮಂದಿರಕ್ಕ ಹೋದೆ, ದಾಸೋಹದ ಪಂಕ್ತ್ಯಾಗ ಒಬ್ಬೊಬ್ಬರ ಮಾರಿ ನೋಡಿದೆ. ಹೊಳಿ ದಂಡಿಗೆ ಹೋಗಿ ಹಣಿಕಿ ಹಾಕಿದೆ. ನೀರು ನೋಡಿ ನೋಡಿ ಕಣ್ಣು ಮಂಜಾಗ್ಯಾವ ನನಗ. ಹಂಗ ನೋಡಬ್ಯಾಡ್ರಿ, ನಿಮ್ಮ ಕನಿಕರಾ ನನಗ ಬ್ಯಾಡ. ನನಗ ನನ್ನ ತಮ್ಮ ಬೇಕು. ಕುಡುಕ ಆಗಲಿ, ಹೊಲಸ ಆಗಲಿ, ಜೀವಂತ ಬೇಕು.

ಶೈಲಾ ಫೋನ್ ಎತ್ತವಲ್ಲಳು. ಒಂದ ಸಲ ಎತ್ತಿದ್ಳು, ಒಂದ ಮಾತು ಕೇಳಿದ್ಳು. 'ಅವ್ವಾ, ಮಾಮಾಗ ಯಾರು ಕೊಟ್ರು?' ಎಲ್ಲಾರೂ ಮೊದಲ ಅದನ್ನ ಕೇಳ್ತಾರ. ನಮ್ಮ ಮನಿಯವರು ಅದ ಕೇಳಿದ್ರು, ಬೀಗರು ಅದ ಕೇಳಿದ್ರು. ಠಾಣ್ಯಾಗ ಪೊಲೀಸಪ್ಪ ಪೆನ್ನು ತಗದು ಅದ ಕೇಳಿದ. ಕುಡ್ಯಾಕ ಎಲ್ಲಿಂದ ಬಂತು, ಯಾರು ಕೊಟ್ರು. ಮಹಾಕೂಟದಾಗ ಕಾಯಿ ಮಾರೂ ಮುದುಕಿ ಸೈತ ಅದ ಕೇಳಿದ್ಳು…

ನೀವು ಕೇಳಿಲ್ಲ.

ಇಷ್ಟೊತ್ತು ನಾ ಒದರಾಕತ್ತೇನಿ. ಒಂಬತ್ತು ತಿಂಗಳು ಬಿಟ್ಟಾಂವ ಕುಡದಾನ ಅಂದೆ, ನಿಮಗ ಗಾಬರಿನೂ ಆಗಲಿಲ್ಲ, ಹೆಂಗ ಅಂತಾನೂ ಅನ್ಲಿಲ್ಲ. ಮೂರು ದಿನಾ ಪತ್ತೆ ಇಲ್ಲ ಅಂದೆ, ಎಲ್ಲಿ ಹುಡುಕಿದ್ರಿ ಅಂತ ಒಂದು ಮಾತು ಕೇಳಲಿಲ್ಲ. ಯಾಕ್ರಿ? ಕಲ್ಲು ಅಲ್ಲ ನೀವು. ಕಲ್ಲಾಗಿದ್ರ ಅಂವ ನಿಮ್ಮ ಹೆಸರು ಹಿಡದು ಬದುಕ್ತಿದ್ದಿಲ್ಲ. ಮತ್ತ್ಯಾಕ?

ಬಂದಿದ್ನೇನು? ಅಂವ ಇಲ್ಲಿ ಬಂದಿದ್ನೇನ್ರಿ?

ಅಣ್ಣಾರ… ನಿಮ್ಮ ಕಾಲ ಬೀಳ್ತೇನಿ. ಎಲ್ಲಿ ಅಂತ ಕೇಳೂದಿಲ್ಲ. ನಿಮ್ಮ ನೇಮಾ ನೀವು ಮುರೀಬ್ಯಾಡ್ರಿ. ನನ್ನ ಮಾರಿ ನೋಡ್ರಿ ಅಷ್ಟ. ಒಂದ ಸಲ ನೋಡ್ರಿ.

…ಅದಾನ. ಯವ್ವಾ ನನ್ನವ್ವಾ, ಅದಾನ. ಬದಕ್ಯಾನ. ತಡೀರಿ, ಕುಂದ್ರತೇನಿ, ಆ ಕುರ್ಚಿ ಸರಸ್ರಿ.

ಬಂದಾನ. ಆ ಹೊಲಸ ಧೋತರದ ಮ್ಯಾಲ ಬದಾಮಿಯಿಂದ ಇಲ್ಲೀತನಾ ಬಂದಾನ. ಮನಿಗೆ ಬರಲಿಲ್ಲ, ನಿಮ್ಮ ಹಂತೇಕ ಬಂದ. ಅಲ್ರಿ, ಏನಂದ? ಏನಂತ ಹೇಳಿದ ನಿಮ್ಮ ಮುಂದ? ಅಕ್ಕ ಹಿಂಗ ಮಾಡಿದ್ಳು ಅಂತ… ಇಲ್ಲ. ಹೇಳಿಲ್ಲ ಅಂವ. ಕೀಲಿ ಅಂದಕೂಡ್ಲೆ ನೀವು ತಲಿ ಎತ್ತಿದ್ರಿ. ಕೀಲಿ ಮಾತು ನಿಮಗ ಗೊತ್ತ ಇದ್ದಿಲ್ಲ. ತಾನ ತಂದು ಕುಡದೆ ಅಂದಾನ. ಹೌದಿಲ್ಲೋ? 'ನಂದ ತಪ್ಪು ಅಣ್ಣಾ, ನಾನ ತಂದೆ, ನಾನ ಕುಡದೆ' ಅಂದಾನ. ಕಂಡಕಂಡಾವರ ಮುಂದೆಲ್ಲಾ ಖರೆ ಹೇಳಾಂವ, ನನ್ನ ಸಲುವಾಗಿ ನಿಮ್ಮ ಮುಂದ ಸುಳ್ಳು ಹೇಳ್ಯಾನ!

ಸುಳ್ಳು ಹೇಳು ಅಂತ ಯಾರು ಕೇಳಿದ್ರು ಅವನ್ನ? ಹೇಳೂದಿತ್ತು! ಅಕ್ಕ ಹಿಂಗ ಮಾಡಿದ್ಳು ಅಂತ ಊರ ತುಂಬ ಒದರೂದಿತ್ತು! ಅದಕ್ಕಂತ ಎದಿ ಗಟ್ಟಿ ಮಾಡಕೊಂಡು ಬಂದಿದ್ದೆ ನಾ, ನಿಮ್ಮನ್ನೂ ಬೈದು ಅವನ್ನೂ ಬೈದು ಹೋಗಬೇಕಂತ… ನೀವೂ ಏನರೆ ಬೈರಿ. ಬಾಯಿ ತಗದು ಬೈರಿ ನನಗ. ಹಿಂಗ ಸುಮ್ಮ ಕುಂದ್ರಬ್ಯಾಡ್ರಿ.

ನಾನ ಕೊಟ್ಟೆ.

ನಮ್ಮ ಮನಿಯವರಿಗೂ ಗೊತ್ತಿಲ್ಲ. ಬುಧವಾರ ಆಳಿನ ಕೈಯಾಗ ಬಾಟ್ಲಿ ತರಿಸಿ, ಸೀರಿ ಗಂಟಿನ್ಯಾಗ ಸುತ್ತಿ ಒಯ್ದಿದ್ದೆ. ಸೀಲ್ ಇದ್ರ ಅಂವ ಒಡ್ಯಂಗಿಲ್ಲ ಅಂತ ನಾನ ಒಡದೆ. ಗಿಲಾಸಕ್ಕ ನಾನ ಸುರುವಿದೆ. ಒಂದಲ್ಲ, ಎರಡು ಗಿಲಾಸ. 'ಶಂಕ್ರ್ಯಾ, ಸ್ವಲ್ಪ ಮ್ಯಾಲ ಬಾ, ಮೈಕಿನ ಮಾತು ಒಮ್ಮೆ ಓದಿ ನೋಡೂಣು' ಅಂದೆ. ಹಾಳಿ ಹಿಡಕೊಂಡು ನಕ್ಕೋತ ಬಂದ್ರಿ. ಒಳಗ ಬಂದು ಗಿಲಾಸ ನೋಡಿದ. ನನ್ನ ನೋಡಿದ. ಒಂದು ಮಾತು ಬೈಲಿಲ್ಲ. 'ಅಕ್ಕಾ, ಕೀಲಿ ಹಾಕೂದಿದ್ರ ಹಾಕು, ಇದನ್ನಷ್ಟ ಒಯ್ಯಿ' ಅಂದ. ನಾ ಹೊರಗ ಬಂದು ಕೀಲಿ ಹಾಕಿದೆ.

ಚೆಲ್ಲಬೇಕಿತ್ತ್ರಿ ಅಂವ! ಒಂಬತ್ತು ತಿಂಗಳು ಬಂದು ಏನ್ ಕಲತ, ಚೆಲ್ಲಾಕ ಬರೂದಿಲ್ಲೇನು? …ಬರೂದಿಲ್ಲ. ನನಗ ಗೊತ್ತಿತ್ತು. ಬರೂದಿಲ್ಲ ಅಂತ ಗೊತ್ತಿದ್ದಕ್ಕ ಇಟ್ಟೆ.

ಬಾಗಲಾ ಬಡದ. 'ಅಕ್ಕಾ, ಇದನ್ನ ಒಯ್ಯಿ. ಮೈಕ ಮುಟ್ಟೂದಿಲ್ಲ, ಹೊರಗ ಬರೂದಿಲ್ಲ, ಯಾರ ಮುಂದೂ ಮಾತಾಡೂದಿಲ್ಲ, ಇದನ್ನಷ್ಟ ಒಯ್ಯಿ ಅಕ್ಕಾ.' ಕೆಳಗ ವಾಲಗ ಜೋರಿತ್ತು, ಕೇಳಿಸ್ಲಿಲ್ಲ ಅಂತ ಮೂರು ದಿನಾ ನನಗ ನಾನ ಹೇಳಕೊಂಡೇನಿ. ಕೇಳಿಸ್ತಿತ್ತ್ರಿ. ಪಾವಟಿಗಿ ಕೆಳಗ ನಿಂತು ಬಂದವರಿಗೆ ಕುಂಕುಮ ಹಚ್ಚಾಕತ್ತಿದ್ದೆ, ಒಬ್ಬೊಬ್ಬರಿಗೂ ಹಚ್ಚುವಾಗ ಕೇಳಿಸ್ತಿತ್ತು. ಅಕ್ಕಿಕಾಳು ಬೀಳೂ ಹೊತ್ತಿಗೆ ಬಡಿಯೂದು ನಿಂತ್ತು.

ನಿಂತಾಗ ನನಗ ಹಗರ ಆತ್ರಿ. 'ಸದ್ಯ, ಕುಡದ' ಅಂತ ಉಸರು ಬಿಟ್ಟೆ.